ದಣಿದ ಸಂಜೆಯಲ್ಲಿ ಸಿಯೆರಾ ನೆವಾಡಾ ದಾಟುವುದು: ಖಾಸಗಿ ಪೈಲಟ್ ಎಲ್ಲಿ ನಿಲ್ಲಬೇಕು?

ಪ್ರಶ್ನೆ — ಟ್ರಕೀಯಾತ್ರಿ

ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೊಸೆಯಲ್ಲಿ ನೆಲೆಸಿರುವ ಕನ್ನಡಿಗ. ಖಾಸಗಿ ಪೈಲಟ್ ಪರವಾನಗಿ ನನ್ನಲ್ಲಿದೆ. ಇನ್‌ಸ್ಟ್ರುಮೆಂಟ್ ರೇಟಿಂಗ್, ಅಂದರೆ ಉಪಕರಣಗಳನ್ನಷ್ಟೇ ನೋಡಿ ಮೋಡದೊಳಗೂ ಹಾರುವ ಅರ್ಹತೆ, ಇನ್ನೂ ಇಲ್ಲದ ಕಾರಣ ಮೋಡದ ಹೊರಗೆ, ನೆಲವನ್ನೂ ದಿಗಂತವನ್ನೂ ಕಣ್ಣಾರೆ ಕಾಣುತ್ತ ಹಾರುವುದಕ್ಕಷ್ಟೇ ನನಗೆ ಅನುಮತಿಯಿದೆ. ಫ್ಲೈಯಿಂಗ್ ಕ್ಲಬ್ಬಿನ ಸೆಸ್ನಾ 172 ವಿಮಾನವನ್ನು ಬಾಡಿಗೆಗೆ ಪಡೆದು ಹಾರುತ್ತೇನೆ. ಬರುವ ಮಾರ್ಚ್ ತಿಂಗಳ ಒಂದು ಶುಕ್ರವಾರ ಕಚೇರಿಯ ಕೆಲಸ ಮುಗಿಸಿ, ಸಂಜೆ ಐದರ ಸುಮಾರಿಗೆ ರೀಡ್-ಹಿಲ್‌ವ್ಯೂ ನಿಲ್ದಾಣದಿಂದ ಹೊರಟು, ಸ್ಯಾಕ್ರಮೆಂಟೊ ಮತ್ತು ಆಬರ್ನ್ ಮೇಲಾಗಿ ಸಿಯೆರಾ ನೆವಾಡಾ ಶ್ರೇಣಿಯನ್ನು ದಾಟಿ, ಕತ್ತಲಾಗುವ ಮುನ್ನ ಶ್ರೇಣಿಯ ಆಚೆ ಬದಿಯ ಟ್ರಕೀ ಪಟ್ಟಣದಲ್ಲಿ ಇಳಿಯುವ ಯೋಚನೆಯಿದೆ. ಜೊತೆಯಲ್ಲಿ ಹೆಂಡತಿ ಮತ್ತು ಮಗ ಇರುತ್ತಾರೆ. ಅಲ್ಲಿ ಸ್ನೇಹಿತರ ಕುಟುಂಬ ನಮಗಾಗಿ ಕಾಯುತ್ತಿರುತ್ತದೆ. ಭಾನುವಾರ ಮರಳಬೇಕು.

ನನಗೆ ಎರಡು ಸಂದೇಹಗಳಿವೆ. ವಿಮಾನಯಾನ ಕಂಪನಿಗಳ ಪೈಲಟ್‌ಗಳಿಗೆ ಕರ್ತವ್ಯದ ಅವಧಿಯನ್ನೂ ಕಡ್ಡಾಯ ವಿಶ್ರಾಂತಿಯನ್ನೂ ಅಮೆರಿಕದ ನಿಯಮಗಳು ಗಂಟೆಗಳ ಲೆಕ್ಕದಲ್ಲಿ ಗೊತ್ತುಪಡಿಸಿವೆ, ಆದರೆ ಸ್ವಂತ ಕಾರ್ಯಕ್ಕಾಗಿ ಹಾರುವ ಖಾಸಗಿ ಪೈಲಟ್‌ಗೆ ಅಂಥ ಯಾವ ಮಿತಿಯೂ ಇಲ್ಲ. ವಾರವಿಡೀ ದುಡಿದು, ಶುಕ್ರವಾರ ಬೆಳಗಿನ ಐದೂವರೆಗೆ ಎದ್ದವನು ಸಂಜೆ ಹಾರಲು ಯೋಗ್ಯನೋ ಅಲ್ಲವೋ ಎಂಬುದನ್ನು ಯಾವ ಅಳತೆಯಿಂದ ತೀರ್ಮಾನಿಸಬೇಕು? ಇನ್ನೊಂದು ಸಂದೇಹ ಹವಾಮಾನದ್ದು. ಮುನ್ಸೂಚನೆಯಲ್ಲಿ ಬಿರುಗಾಳಿಯ ಮಾತಿಲ್ಲದೆ, ಪಶ್ಚಿಮದ ಇಳಿಜಾರಿನಲ್ಲಿ ಮೋಡ ಕವಿಯಬಹುದು, ಶಿಖರಗಳು ಅಲ್ಲಲ್ಲಿ ಮರೆಯಾಗಬಹುದು ಎಂದಷ್ಟೇ ಇದ್ದರೆ, ಇಂಟರ್‌ಸ್ಟೇಟ್ 80 ಹೆದ್ದಾರಿಯನ್ನು ಕೆಳಗಿಟ್ಟುಕೊಂಡು ಹೋಗಿ ನೋಡುವುದು, ಆಗದಿದ್ದರೆ ತಿರುಗಿ ಬರುವುದು ಒಪ್ಪತಕ್ಕ ಕ್ರಮವೇ? ಕ್ಲಬ್ಬಿನ ಹಲವರು ಇದನ್ನೇ ಮಾಡುತ್ತಾರೆ. ನನ್ನ ಬೋಧಕರು ಮಾತ್ರ, ದಣಿವು ಮತ್ತು ಪರ್ವತ ಎರಡೂ ಕೂಡಿದ ದಿನ ಹೊರಡಲೇಬೇಡ ಎಂದು ಖಂಡಿತವಾಗಿ ಹೇಳಿದ್ದಾರೆ. ಅವರ ಮಾತಿನ ಹಿಂದಿರುವ ಕಾರಣವನ್ನು ಪೂರ್ತಿ ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಘಟ್ಟದಗಾಳಿ

ಸಿಯೆರಾ ಮತ್ತು ಕೊಲರಾಡೊದ ಪರ್ವತಗಳಲ್ಲಿ ಹಾರಾಟ ಕಲಿಸುವವನಾಗಿ ನಿಮ್ಮ ಎರಡನೆಯ ಸಂದೇಹಕ್ಕೆ ಉತ್ತರಿಸುತ್ತೇನೆ.

ಮೊದಲು ನೆಲವನ್ನು ಗಮನಿಸಿ. ಸ್ಯಾಕ್ರಮೆಂಟೊ ಬಹುಮಟ್ಟಿಗೆ ಸಮುದ್ರಮಟ್ಟದಲ್ಲಿದೆ. ಆಬರ್ನ್ ನಿಲ್ದಾಣ ಸುಮಾರು 1,500 ಅಡಿ ಎತ್ತರದಲ್ಲಿದೆ, ಅದೇ ದಾರಿಯಲ್ಲಿ ಮುಂದಿರುವ ಬ್ಲೂ ಕ್ಯಾನ್ಯನ್ ಸುಮಾರು 5,300 ಅಡಿ, ಶ್ರೇಣಿಯನ್ನು ದಾಟುವ ಡಾನರ್ ಘಾಟಿ 7,000 ಅಡಿಗಿಂತ ಸ್ವಲ್ಪ ಮೇಲೆ, ಅದರ ಉತ್ತರಕ್ಕಿರುವ ಕ್ಯಾಸಲ್ ಪೀಕ್ 9,100 ಅಡಿ. ಆಚೆ ಇಳಿದರೆ ಟ್ರಕೀ ನಿಲ್ದಾಣವೇ ಸುಮಾರು 5,900 ಅಡಿ ಎತ್ತರದಲ್ಲಿದೆ. ಪೆಸಿಫಿಕ್ ಸಾಗರದಿಂದ ಬರುವ ತೇವಭರಿತ ನೈಋತ್ಯ ಗಾಳಿ ಈ ಇಳಿಜಾರನ್ನು ಏರುತ್ತ ತಣ್ಣಗಾಗಿ ಮೋಡವಾಗುತ್ತದೆ. ನೈಋತ್ಯ ಮಾರುತ ಪಶ್ಚಿಮ ಘಟ್ಟವನ್ನು ಏರುವಾಗ ಆಗುಂಬೆಯಲ್ಲಿ ಮಳೆ ಸುರಿದು, ಘಟ್ಟದ ಪೂರ್ವಕ್ಕೆ ಹೋದಂತೆ ಆಕಾಶ ತಿಳಿಯಾಗುವುದನ್ನು ಕಂಡವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ. ಘಟ್ಟದಲ್ಲಿ ಎರಡು ಮೂರು ಸಾವಿರ ಅಡಿಗಳಲ್ಲಿ ಮುಗಿಯುವ ಏರಿಕೆ ಇಲ್ಲಿ ಏಳು ಸಾವಿರ ಅಡಿಗಳಿಗೂ ಮೀರಿ ಮುಂದುವರಿಯುತ್ತದೆ.

ಇದರಿಂದ ಪೈಲಟ್‌ಗೆ ಆಗುವ ಭ್ರಮೆಯೊಂದಿದೆ. ಸ್ಯಾಕ್ರಮೆಂಟೊದಲ್ಲಿ ಮೋಡದ ತಳ 5,000 ಅಡಿಯಲ್ಲಿದ್ದರೆ ಆ ಸಂಜೆ ಬಹಳ ಪ್ರಶಸ್ತವಾಗಿ ಕಾಣುತ್ತದೆ. ಅದೇ ಮೋಡದ ತಳ ಸಮಮಟ್ಟದಲ್ಲಿಯೇ ಪೂರ್ವಕ್ಕೆ ಮುಂದುವರಿದರೂ ಬ್ಲೂ ಕ್ಯಾನ್ಯನ್ ತಲುಪುವ ಮುನ್ನವೇ ನೆಲವನ್ನು ಮುಟ್ಟಿರುತ್ತದೆ. ಹವಾಮಾನ ಕೆಡಲೇಬೇಕೆಂದಿಲ್ಲ, ನೆಲ ಏರಿದರೆ ಸಾಕು. ಅದೂ ಗೋಡೆ ಎದುರಾದಂತೆ ಒಮ್ಮೆಲೇ ಆಗುವುದಿಲ್ಲ. ಪ್ರತಿ ಮೈಲಿಗೂ ನಿಮ್ಮ ಮೇಲಿನ ಮತ್ತು ಕೆಳಗಿನ ಅಂತರ ಸ್ವಲ್ಪ ಸ್ವಲ್ಪವಾಗಿ ಕಿರಿದಾಗುತ್ತದೆ, ಹಿಂದಿನ ಮೈಲಿಯನ್ನು ಸುರಕ್ಷಿತವಾಗಿ ಕಳೆದೆವಲ್ಲ ಎಂಬ ಸಮಾಧಾನ ಮುಂದಿನ ಮೈಲಿಗೆ ಕಾರಣವಾಗುತ್ತದೆ. ‘ಹೋಗಿ ನೋಡೋಣ’ ಎನ್ನುವವರಲ್ಲಿ ಹೆಚ್ಚಿನವರು ಯಾವುದನ್ನು ಕಂಡರೆ ತಿರುಗಬೇಕು ಎಂಬುದನ್ನು ಹೊರಡುವ ಮೊದಲು ಗೊತ್ತುಮಾಡಿಕೊಂಡಿರುವುದಿಲ್ಲ. ನನ್ನ ಆಕ್ಷೇಪ ಹೋಗಿ ನೋಡುವುದಕ್ಕಿಂತ ಹೆಚ್ಚಾಗಿ ಈ ಅಸ್ಪಷ್ಟತೆಗೆ.

ಇನ್ನು ತಿರುಗಿ ಬರುವ ಮಾತು. 100 ನಾಟ್ (ಗಂಟೆಗೆ ಸುಮಾರು 185 ಕಿಲೋಮೀಟರ್) ನಿಜವೇಗದಲ್ಲಿ, 30 ಡಿಗ್ರಿ ವಾಲಿಸಿ ಪೂರ್ತಿ ಹಿಂದಕ್ಕೆ ತಿರುಗಲು ಸುಮಾರು 3,100 ಅಡಿ ಅಗಲದ ಜಾಗ ಬೇಕು. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗಿ, ವೇಗಮಾಪಕ ಅದೇ ಅಂಕಿ ತೋರಿಸುತ್ತಿದ್ದರೂ ನಿಜವೇಗ ಹೆಚ್ಚಿರುತ್ತದೆ. 8,500 ಅಡಿ ಎತ್ತರದಲ್ಲಿ ನಿಮಗೆ ಬೇಕಾಗುವ ಜಾಗ 4,000 ಅಡಿ ಮುಟ್ಟುತ್ತದೆ, ಹಿಂದಿನಿಂದ ಗಾಳಿ ಬೀಸುತ್ತಿದ್ದರೆ ಇನ್ನೂ ಹೆಚ್ಚು. ಹೆದ್ದಾರಿ ಮೇಲ್ಭಾಗದಲ್ಲಿ ದಕ್ಷಿಣ ಯೂಬಾ ನದಿಯ ಕಣಿವೆಗೆ ಸೇರಿಕೊಳ್ಳುತ್ತದೆ. ಅಲ್ಲಿ ಕಣಿವೆಯ ನಡುವೆ ಹಾರುತ್ತಿದ್ದು, ಒಂದು ಬದಿಯ ಗುಡ್ಡ ಮೋಡದಲ್ಲಿ ಮರೆಯಾಗಿದ್ದರೆ, ತಿರುಗಲು ಜಾಗವಿದೆಯೋ ಇಲ್ಲವೋ ಎಂಬುದೇ ಕಾಣುವುದಿಲ್ಲ. ಆದ್ದರಿಂದ ತಿರುಗುವ ನಿರ್ಧಾರ ಕಣಿವೆಗೆ ಪ್ರವೇಶಿಸುವ ಮೊದಲೇ ಆಗಿರಬೇಕು.

ಮೋಡದೊಳಗೆ ಹೊಕ್ಕರೆ ಏನಾಗುತ್ತದೆ ಎಂಬುದನ್ನು 1954ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದವರು ಪರೀಕ್ಷಿಸಿದ್ದರು. ಉಪಕರಣ ನೋಡಿ ಹಾರುವ ತರಬೇತಿ ಇಲ್ಲದ 20 ಪೈಲಟ್‌ಗಳಿಗೆ ಹೊರಗಿನ ದೃಶ್ಯ ಕಾಣದಂತೆ ಮಾಡಿದಾಗ ಇಪ್ಪತ್ತೂ ಜನ ವಿಮಾನದ ಮೇಲಿನ ಹಿಡಿತ ಕಳೆದುಕೊಂಡರು. ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡು, ಅಂದರೆ ಮೂರು ನಿಮಿಷಕ್ಕೂ ಕಡಿಮೆ. ಬಯಲಿನ ಮೇಲೆ ಆ ಮೂರು ನಿಮಿಷಗಳಾದರೂ ಸಿಗುತ್ತವೆ. ಕಣಿವೆಯಲ್ಲಿ ಅವೂ ಸಿಗಲಾರವು.

ಗಂಟೆಗಟ್ಟಲೆ ಅನುಭವ ಇದ್ದರೆ ಇದು ತಪ್ಪುತ್ತದೆ ಎಂದುಕೊಳ್ಳಬೇಡಿ. ಎರಡನೆಯ ಮಹಾಯುದ್ಧದ ವೀರಯೋಧ ಮತ್ತು ನಟ ಆಡಿ ಮರ್ಫಿ 1971ರ ಮೇ 28ರಂದು ವರ್ಜೀನಿಯಾದ ಬ್ರಷ್ ಪರ್ವತದಲ್ಲಿ ತೀರಿಕೊಂಡ ಅಪಘಾತದಲ್ಲಿ, ಪೈಲಟ್‌ಗೆ ಸುಮಾರು 8,000 ಗಂಟೆಗಳ ಹಾರಾಟದ ಅನುಭವವಿತ್ತೆಂದು ವರದಿಯಾಗಿದೆ. ಅವರ ಬಳಿ ಇದ್ದದ್ದು ಖಾಸಗಿ ಪರವಾನಗಿ. ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ. ಮೋಡ ಮತ್ತು ಮಂಜಿನ ನಡುವೆ ಕಣ್ಣಂದಾಜಿನ ಹಾರಾಟವನ್ನು ಮುಂದುವರಿಸಿದ ವಿಮಾನ ಬೆಟ್ಟಕ್ಕೆ ಬಡಿಯಿತು, ಅದರಲ್ಲಿದ್ದ ಆರೂ ಜನ ಸತ್ತರು.

ಮೋಡವೇ ಇಲ್ಲದ ದಿನವೂ ಶಿಖರದ ಗಾಳಿಯನ್ನು ನೋಡಲೇಬೇಕು. ಶಿಖರದ ಮಟ್ಟದಲ್ಲಿ ಗಾಳಿ 25 ನಾಟ್ ಮೀರಿದ್ದರೆ ಚಿಕ್ಕ ವಿಮಾನದಲ್ಲಿ ದಾಟಬಾರದು, ದಾಟುವಾಗ ಶಿಖರಕ್ಕಿಂತ ಕನಿಷ್ಠ 2,000 ಅಡಿ ಮೇಲಿರಬೇಕು, ನೇರವಾಗಿ ನುಗ್ಗದೆ 45 ಡಿಗ್ರಿ ಓರೆಯಾಗಿ ಸಮೀಪಿಸಬೇಕು ಎಂದು ನಾವು ಕಲಿಸುತ್ತೇವೆ. ಓರೆಯಾಗಿ ಬಂದರೆ ಶಿಖರದಿಂದ ದೂರ ಸರಿಯಲು 180 ಡಿಗ್ರಿಯ ಬದಲು 90 ಡಿಗ್ರಿಯಷ್ಟು ತಿರುಗಿದರೆ ಸಾಕಾಗುತ್ತದೆ. ಸಿಯೆರಾದ ಪೂರ್ವದಲ್ಲಿ ಏಳುವ ಗಾಳಿಯ ಅಲೆ ಎಷ್ಟು ಬಲವಾದುದೆಂದರೆ, ಬಿಷಪ್ ಪಟ್ಟಣದಿಂದ ನಡೆದ ಸಿಯೆರಾ ಅಲೆ ಸಂಶೋಧನೆಯಲ್ಲಿ 1952ರಲ್ಲಿ ಎಂಜಿನ್ನೇ ಇಲ್ಲದ ಗ್ಲೈಡರ್ ಒಂದು 44,255 ಅಡಿಗೆ ಏರಿತ್ತು. ಮೇಲೇರುವ ಅಲೆ ಇದ್ದಲ್ಲಿ ಕೆಳಗಿಳಿಯುವ ಅಲೆಯೂ ಇರುತ್ತದೆ. ನಿಮ್ಮ ಸೆಸ್ನಾ 10,000 ಅಡಿಯಲ್ಲಿ, ಪೂರ್ತಿ ಹೊರೆಯೊಂದಿಗೆ, ನಿಮಿಷಕ್ಕೆ 300 ಅಡಿಯ ಆಸುಪಾಸಿನಲ್ಲಿ ಮಾತ್ರ ಏರಬಲ್ಲುದು. ಕೆಳಗಿಳಿಯುವ ಗಾಳಿ ಅದಕ್ಕಿಂತ ಹಲವು ಪಟ್ಟು ಬಲವಾಗಿರಬಹುದು. ಬಲೂನಿನಲ್ಲಿ ಏಕಾಂಗಿಯಾಗಿ ಭೂಮಿಯನ್ನು ಸುತ್ತಿದ ಮೊದಲಿಗ ಸ್ಟೀವ್ ಫಾಸೆಟ್ 2007ರ ಸೆಪ್ಟೆಂಬರ್ 3ರಂದು ಇದೇ ಸಿಯೆರಾದಲ್ಲಿ, ಮ್ಯಾಮತ್ ಲೇಕ್ಸ್ ಸಮೀಪ ಪ್ರಾಣ ಕಳೆದುಕೊಂಡರು. ವಿಮಾನದ ಏರುವ ಶಕ್ತಿಯನ್ನು ಮೀರಿದ ಕೆಳಮುಖ ಗಾಳಿಗೆ ಅನಿರೀಕ್ಷಿತವಾಗಿ ಸಿಲುಕಿದ್ದೇ ಕಾರಣವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ ತೀರ್ಮಾನಿಸಿತು.

ಕರಾವಳಿವೈದ್ಯ

ಮಂಗಳೂರಿನಲ್ಲಿದ್ದೇನೆ, ವೈಮಾನಿಕ ವೈದ್ಯಕೀಯದಲ್ಲಿ ಆಸಕ್ತಿಯುಳ್ಳ ವೈದ್ಯ. ದಣಿವಿನ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ.

ಅಳತೆ ಕೇಳಿದ್ದೀರಿ. ‘ನೇಚರ್’ ಪತ್ರಿಕೆಯಲ್ಲಿ 1997ರಲ್ಲಿ ಪ್ರಕಟವಾದ ಡಾಸನ್ ಮತ್ತು ರೀಡ್ ಅವರ ಅಧ್ಯಯನದ ಪ್ರಕಾರ, 17 ಗಂಟೆ ಸತತವಾಗಿ ಎಚ್ಚರವಿದ್ದವರ ಕೈ-ಕಣ್ಣುಗಳ ಹೊಂದಾಣಿಕೆ ರಕ್ತದಲ್ಲಿ ಶೇಕಡಾ 0.05 ಮದ್ಯಸಾರ ಇರುವವರ ಮಟ್ಟಕ್ಕೆ ಇಳಿಯುತ್ತದೆ. ಅಮೆರಿಕದಲ್ಲಿ ಪೈಲಟ್‌ಗೆ ಶೇಕಡಾ 0.04 ತಲುಪಿದರೆ ಹಾರುವಂತಿಲ್ಲ. ಐದೂವರೆಗೆ ಎದ್ದ ನೀವು ಆರೂವರೆಗೆ ಟ್ರಕೀ ಮೇಲಿದ್ದರೆ ಹದಿಮೂರು ಗಂಟೆ ಎಚ್ಚರವಿದ್ದಂತಾಯಿತು, ಹದಿನೇಳರ ಗೆರೆ ಇನ್ನೂ ದೂರವಿದೆ ಎಂದು ನೀವು ಹೇಳಬಹುದು. ಆ ಲೆಕ್ಕ ಹಿಂದಿನ ರಾತ್ರಿಗಳಲ್ಲಿ ಚೆನ್ನಾಗಿ ನಿದ್ರಿಸಿದವರಿಗೆ ಮಾತ್ರ ಸಲ್ಲುತ್ತದೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಎರಡು ವಾರ ರಾತ್ರಿಗೆ ಆರು ಗಂಟೆ ಅಥವಾ ಅದಕ್ಕಿಂತ ಕಡಿಮೆ ಮಲಗಿದವರ ಗಮನಶಕ್ತಿ, ಒಂದೆರಡು ರಾತ್ರಿ ಕಣ್ಣೇ ಮುಚ್ಚದವರ ಮಟ್ಟಕ್ಕೆ ಕುಸಿದಿತ್ತು. ನನ್ನನ್ನು ಹೆಚ್ಚು ಕಾಡುವುದು ಅದೇ ಪ್ರಯೋಗದ ಇನ್ನೊಂದು ಫಲಿತಾಂಶ: ತಮ್ಮ ಸಾಮರ್ಥ್ಯ ಅಷ್ಟು ಕುಗ್ಗಿದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತೇ ಆಗಿರಲಿಲ್ಲ. ಆದುದರಿಂದ ‘ನನಗೆ ದಣಿವಾಗಿದೆಯೇ?’ ಎಂದು ಕೇಳಿಕೊಳ್ಳುವುದರಿಂದ ಉಪಯೋಗವಿಲ್ಲ. ಕಳೆದ ಐದು ರಾತ್ರಿ ಎಷ್ಟು ಗಂಟೆ ಮಲಗಿದ್ದೆ ಎಂದು ಕೇಳಿಕೊಂಡು ಬರೆದಿಟ್ಟುಕೊಳ್ಳಿ. ಆ ಅಂಕಿ ನಿಮ್ಮ ಅನಿಸಿಕೆಗಿಂತ ನಂಬಲರ್ಹವಾದದ್ದು.

ದಣಿದವನಿಗೆ ವಿಮಾನ ಹಾರಿಸುವುದೇ ಮರೆತುಹೋಗುತ್ತದೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಅಭ್ಯಾಸವಾದ ಕೆಲಸಗಳನ್ನು ಅವನು ಬಹುತೇಕ ಸರಿಯಾಗಿಯೇ ಮಾಡುತ್ತಿರುತ್ತಾನೆ. ಅವನು ಮೊದಲು ಕಳೆದುಕೊಳ್ಳುವುದು, ಹಿಡಿದ ಯೋಜನೆಯನ್ನು ಬಿಟ್ಟು ಬೇರೆಯದನ್ನು ಯೋಚಿಸುವ ಶಕ್ತಿಯನ್ನು. ಇದಕ್ಕೆ ನಮ್ಮ ಬಜ್ಪೆಯೇ ಸಾಕ್ಷಿ. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಓಡುದಾರಿಯ ತುದಿ ದಾಟಿ ಕಂದಕಕ್ಕೆ ಉರುಳಿ 158 ಜನ ಸತ್ತರು, ಎಂಟು ಜನ ಮಾತ್ರ ಉಳಿದರು. ಧ್ವನಿಮುದ್ರಣದ ಎರಡು ಗಂಟೆಗಳಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಕ್ಯಾಪ್ಟನ್ ನಿದ್ರೆಯಲ್ಲಿದ್ದರೆಂದು ವಿಚಾರಣಾ ನ್ಯಾಯಾಲಯ ಕಂಡುಕೊಂಡಿತು. ನಿದ್ರೆಯಿಂದ ಎದ್ದ ಮೇಲೂ ಉಳಿಯುವ ಮಂಪರು ಅವರ ತೀರ್ಮಾನಶಕ್ತಿಯನ್ನು ಮಸುಕುಗೊಳಿಸಿರಬಹುದೆಂದೂ ಹೇಳಿತು. ವಿಮಾನ ತೀರ ಎತ್ತರದಲ್ಲಿ, ತೀರ ವೇಗವಾಗಿ ಬರುತ್ತಿದೆ, ಇಳಿಯದೆ ಮತ್ತೆ ಮೇಲೇರೋಣ ಎಂದು ಸಹಪೈಲಟ್ ಮೂರು ಬಾರಿ ಹೇಳಿದರೂ ಇಳಿಯುವ ಯೋಜನೆ ಬದಲಾಗಲಿಲ್ಲ. ಅಂದು ಹವಾಮಾನ ಚೆನ್ನಾಗಿತ್ತು, ಪಕ್ಕದಲ್ಲಿ ಎಚ್ಚರಿಸುವವರು ಇದ್ದರು. ಖಾಸಗಿ ಪೈಲಟ್‌ನ ಪಕ್ಕದಲ್ಲಿ ಅಂಥವರೂ ಇರುವುದಿಲ್ಲ.

ಖಾಸಗಿ ಹಾರಾಟದಿಂದಲೇ ಉದಾಹರಣೆ ಬೇಕೆಂದರೆ 1996ರ ಏಪ್ರಿಲ್ ತಿಂಗಳ ಶಾಯೆನ್ ಅಪಘಾತವನ್ನು ನೋಡಿ. ಏಳು ವರ್ಷದ ಜೆಸ್ಸಿಕಾ ಡುಬ್ರಾಫ್, ಅವಳ ತಂದೆ ಮತ್ತು ವಿಮಾನದ ಹೊಣೆ ಹೊತ್ತಿದ್ದ ಬೋಧಕ, ಹೀಗೆ ಮೂವರು ಅಮೆರಿಕ ಖಂಡವನ್ನು ದಾಟುವ ಪ್ರಯಾಣದಲ್ಲಿದ್ದರು. ಏಪ್ರಿಲ್ 10ರಂದು ಕ್ಯಾಲಿಫೋರ್ನಿಯಾದ ಹಾಫ್ ಮೂನ್ ಬೇಯಿಂದ ಹೊರಟು, ಎಲ್ಕೊ ಮತ್ತು ರಾಕ್ ಸ್ಪ್ರಿಂಗ್ಸ್‌ನಲ್ಲಿ ಇಳಿದು, ಇಡೀ ದಿನ ಹಾರಿ ಸಂಜೆ ವಯೋಮಿಂಗ್‌ನ ಶಾಯೆನ್ ತಲುಪಿದರು. ಮರುದಿನ ಬೆಳಗ್ಗೆ ಗುಡುಗುಮಳೆ ಸಮೀಪಿಸುತ್ತಿತ್ತು. ಆರು ಸಾವಿರ ಅಡಿಗೂ ಮೀರಿದ ಎತ್ತರದ ಆ ನಿಲ್ದಾಣದಿಂದ, ಅನುಮತಿಗಿಂತ ಹೆಚ್ಚಿನ ತೂಕ ಹೊತ್ತ ಸೆಸ್ನಾ ವಿಮಾನ ಮಳೆಯಲ್ಲಿ ಹಾರಿ, ಕೆಲವೇ ಕ್ಷಣಗಳಲ್ಲಿ ವೇಗ ಕಳೆದುಕೊಂಡು ಬಿದ್ದಿತು. ಮೂವರೂ ಸತ್ತರು. ಬೋಧಕ ಅನುಭವಿಯಾಗಿದ್ದರು. ಆದರೂ ಅಂದು ಬೆಳಗ್ಗೆ ಚಕ್ರದ ತಡೆಕಟ್ಟೆಯನ್ನು ತೆಗೆಯುವ ಮೊದಲೇ ಎಂಜಿನ್ ಚಾಲೂ ಮಾಡಲಾಗಿತ್ತು, ಮತ್ತು ನಿಯಂತ್ರಣ ಗೋಪುರದಿಂದ ವಿಶೇಷ ಅನುಮತಿ ಕೇಳುವಾಗ ಅದರ ಹೆಸರು ತಪ್ಪಾಗಿತ್ತು. ಇವು ಚಿಕ್ಕ ತಪ್ಪುಗಳೇ. ನನ್ನ ಓದಿನಲ್ಲಿ ಅವು ದಣಿದ ಮನಸ್ಸಿನ ಗುರುತುಗಳು. ವಿಪರೀತ ಮಹತ್ವಾಕಾಂಕ್ಷೆಯ ವೇಳಾಪಟ್ಟಿಗೆ ಅಂಟಿಕೊಳ್ಳುವ ಬಯಕೆ ಮತ್ತು ಮಾಧ್ಯಮಗಳಿಗೆ ಕೊಟ್ಟ ಮಾತು ಆ ನಿರ್ಧಾರಕ್ಕೆ ಒತ್ತಾಸೆಯಾಗಿದ್ದವೆಂದು ತನಿಖಾ ಮಂಡಳಿ ಹೇಳಿತು. ನಿಮ್ಮ ವಿಷಯದಲ್ಲಿ ಮಾಧ್ಯಮಗಳ ಜಾಗದಲ್ಲಿ ಟ್ರಕೀಯ ಸ್ನೇಹಿತರಿದ್ದಾರೆ.

ಇನ್ನೊಂದು ವಿಷಯವನ್ನು ಮರೆಯಬಾರದು. ಕಾನೂನಿನ ಪ್ರಕಾರ 12,500 ಅಡಿಯವರೆಗೆ ಆಮ್ಲಜನಕ ಕಡ್ಡಾಯವಲ್ಲ. ಆದರೂ ರಾತ್ರಿಯ ವೇಳೆ 5,000 ಅಡಿಯಿಂದಲೇ ಬಳಸಿರಿ ಎಂಬ ಸಲಹೆಯನ್ನು ಫೆಡರಲ್ ವಿಮಾನಯಾನ ಆಡಳಿತ ಕೊಡುತ್ತದೆ, ಏಕೆಂದರೆ ಮಬ್ಬಿನಲ್ಲಿ ನೋಡುವ ಶಕ್ತಿ ಅಷ್ಟು ಎತ್ತರದಲ್ಲೇ ತಗ್ಗತೊಡಗುತ್ತದೆ. ಸಂಜೆಯ ಮಬ್ಬಿನಲ್ಲಿ 10,000 ಅಡಿ ಮೇಲೆ ಹಾರುವ ದಣಿದ ಕಣ್ಣುಗಳು, ಬೂದು ಮೋಡವನ್ನೂ ಅದರ ಹಿಂದಿನ ಬೂದು ಬಂಡೆಯನ್ನೂ ಬೇರ್ಪಡಿಸಿ ಕಾಣಬೇಕಾಗುತ್ತದೆ.

ಜಕ್ಕೂರುರನ್‌ವೇ

ಮೇಲಿನ ಇಬ್ಬರ ಮಾತನ್ನೂ ಗೌರವದಿಂದ ಓದಿದೆ, ಆದರೆ ಒಂದು ಅಂಶದಲ್ಲಿ ನನ್ನ ಅಭಿಪ್ರಾಯ ಬೇರೆ. ಬೆಂಗಳೂರಿನ ಜಕ್ಕೂರಿನಲ್ಲಿ ಹಾರಾಟ ಕಲಿತು, ಈಗ ಸ್ಯಾಕ್ರಮೆಂಟೊದಲ್ಲಿದ್ದು ಇದೇ ದಾರಿಯಲ್ಲಿ ಆಗಾಗ ಹಾರುತ್ತೇನೆ. ಮುನ್ಸೂಚನೆಯಲ್ಲಿ ಸ್ವಲ್ಪ ಅನುಮಾನ ಕಂಡ ದಿನವೆಲ್ಲ ನೆಲದಲ್ಲೇ ಉಳಿಯುವ ಪೈಲಟ್, ಮೋಡವನ್ನು ದೂರದಿಂದ ಅಳೆಯುವ ಕಣ್ಣನ್ನು ಎಂದೂ ಬೆಳೆಸಿಕೊಳ್ಳುವುದಿಲ್ಲ. ಹೋಗಿ ನೋಡುವುದನ್ನು ಪೂರ್ತಿ ನಿಷೇಧಿಸುವ ಬದಲು, ಎಲ್ಲಿಯವರೆಗೆ ಹೋಗಿ ನೋಡಬೇಕು ಎಂಬುದನ್ನು ಗೊತ್ತುಪಡಿಸುವುದೇ ಸರಿಯೆಂದು ನನ್ನ ನಂಬಿಕೆ.

ನಾನು ಪಾಲಿಸುವ ಕ್ರಮ ಇದು. ಟ್ರಕೀಗೆ ಯೋಜನೆ ಹಾಕುವುದಿಲ್ಲ, ಆಬರ್ನ್‌ಗೆ ಹಾಕುತ್ತೇನೆ. ಆಬರ್ನ್‌ನಲ್ಲಿ ಇಳಿಯುತ್ತೇನೆ, ಎಂಜಿನ್ ನಿಲ್ಲಿಸುತ್ತೇನೆ, ವಿಮಾನದಿಂದ ಹೊರಗೆ ಬರುತ್ತೇನೆ. ಬ್ಲೂ ಕ್ಯಾನ್ಯನ್ ಮತ್ತು ಟ್ರಕೀಯ ಸ್ವಯಂಚಾಲಿತ ಹವಾಮಾನ ಕೇಂದ್ರಗಳ ಆ ಹೊತ್ತಿನ ವರದಿಯನ್ನು ನೋಡಿ, ಇಂಟರ್‌ಸ್ಟೇಟ್ 80ರ ಮೇಲಿನ ರಸ್ತೆ ಕ್ಯಾಮೆರಾಗಳನ್ನೂ ನೋಡುತ್ತೇನೆ. ಹೆದ್ದಾರಿಯಲ್ಲಿ ಹಿಮದ ಮೇಲೆ ಜಾರದಂತೆ ಚಕ್ರಗಳಿಗೆ ಸರಪಳಿ ಕಡ್ಡಾಯ ಮಾಡಿದ್ದಾರೆಂದರೆ ಘಾಟಿಯ ಸ್ಥಿತಿಯ ಬಗ್ಗೆ ಬೇರೆ ಮುನ್ಸೂಚನೆ ಬೇಕಿಲ್ಲ. ಎಲ್ಲವೂ ಸರಿಯಿದ್ದರೆ ಮಾತ್ರ ಟ್ರಕೀಗೆ ಹೊಸದೊಂದು ಹಾರಾಟವೆಂಬಂತೆ ಮತ್ತೆ ಮೊದಲಿನಿಂದ ತೀರ್ಮಾನಿಸುತ್ತೇನೆ. ಇಲ್ಲದಿದ್ದರೆ ಬಾಡಿಗೆ ಕಾರು ಇದೆ, ಒಳ್ಳೆಯ ದಿನ ಆಬರ್ನ್‌ನಿಂದ ಟ್ರಕೀ ಒಂದೂಕಾಲು ಗಂಟೆಯ ದಾರಿ. ಆಕಾಶದಲ್ಲಿದ್ದು ಹಿಂದಿರುಗುವುದು ಸೋಲೆನಿಸುತ್ತದೆ, ನೆಲದಲ್ಲಿ ನಿಂತು ಕಾರು ಹತ್ತುವುದು ಹಾಗೆನಿಸುವುದಿಲ್ಲ. ಮನುಷ್ಯನ ಸ್ವಭಾವವೇ ಹಾಗಿರುವಾಗ ಅದಕ್ಕೆ ತಕ್ಕಂತೆ ಯೋಜನೆ ಹಾಕುವುದು ವಿವೇಕ.

ಕರಾವಳಿವೈದ್ಯ

ಆಬರ್ನ್‌ನಲ್ಲಿ ಇಳಿಯುವ ಕ್ರಮ ಬಹಳ ಒಳ್ಳೆಯದು, ನನಗೆ ಹೊಳೆದಿರಲಿಲ್ಲ. ಒಂದು ಎಚ್ಚರಿಕೆ ಮಾತ್ರ ಸೇರಿಸುತ್ತೇನೆ. ಅದು ಹವಾಮಾನದ ಸಂದೇಹವನ್ನು ಪರಿಹರಿಸುತ್ತದೆಯೇ ಹೊರತು ದಣಿವನ್ನು ಕಳೆಯುವುದಿಲ್ಲ. ಅಲ್ಲಿ ಇಳಿದು ಕಾಫಿ ಕುಡಿದವನು ಒಂದು ಗಂಟೆ ಹೆಚ್ಚು ದಣಿದಿರುತ್ತಾನೆ, ಬೆಳಕು ಒಂದು ಗಂಟೆ ಕಡಿಮೆಯಾಗಿರುತ್ತದೆ, ಗುರಿ ಮಾತ್ರ ಬಹಳ ಹತ್ತಿರವಿರುತ್ತದೆ. ಹೊಸದಾಗಿ ತೀರ್ಮಾನಿಸಬೇಕಾದ ತಲೆ ಅದೇ ಹಳೆಯ ತಲೆ. ಕಾಫಿ ನಿದ್ರೆಯ ಭಾವನೆಯನ್ನು ಕೆಲಕಾಲ ತಡೆಯುತ್ತದೆ, ಸಾಲವಾಗಿ ಉಳಿದ ನಿದ್ರೆಯನ್ನು ತೀರಿಸುವುದಿಲ್ಲ. ಆದುದರಿಂದ ಈ ಕ್ರಮವನ್ನು ಚೆನ್ನಾಗಿ ಮಲಗಿ ಎದ್ದ ಶನಿವಾರ ಬೆಳಗ್ಗೆ ಪಾಲಿಸಿದರೆ ನನ್ನ ಆಕ್ಷೇಪವೇನೂ ಇಲ್ಲ.

ಟ್ರಕೀಯಾತ್ರಿ

ಎಲ್ಲರಿಗೂ ಕೃತಜ್ಞತೆಗಳು. ಕಳೆದ ವಾರದ ನಿದ್ರೆಯ ಗಂಟೆಗಳನ್ನು ಬರೆದು ನೋಡಿದೆ, ರಾತ್ರಿಗೆ ಆರು ಗಂಟೆಗಿಂತ ಕಡಿಮೆಯೇ ಇತ್ತು. ಶುಕ್ರವಾರ ಸಂಜೆಯ ಹಾರಾಟವನ್ನು ಕೈಬಿಟ್ಟು ಶನಿವಾರ ಬೆಳಗ್ಗೆ ಆಬರ್ನ್‌ವರೆಗೆ ಯೋಜನೆ ಹಾಕುತ್ತೇನೆ. ಇನ್ನೆರಡು ಕೇಳಬೇಕಿದೆ. ಕ್ಲಬ್ಬಿನ ವಿಮಾನದಲ್ಲಿ ಎತ್ತರವನ್ನು ಕಾಯ್ದುಕೊಳ್ಳುವ ಆಟೋಪೈಲಟ್ ಇದೆ, ನನ್ನ ಟ್ಯಾಬ್ಲೆಟ್‌ನಲ್ಲಿ ಮಳೆಯ ರೇಡಾರ್ ಚಿತ್ರವೂ ಬರುತ್ತದೆ. ಅಕಸ್ಮಾತ್ ಹವಾಮಾನ ಕೆಟ್ಟರೆ ಇವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು? ಮತ್ತು ಭಾನುವಾರದ ವಾಪಸು ಪ್ರಯಾಣದಲ್ಲಿ ಬೇರೆ ಏನನ್ನು ಗಮನಿಸಬೇಕು?

ಘಟ್ಟದಗಾಳಿ

ರೇಡಾರ್ ಚಿತ್ರವನ್ನು ಮಳೆಯಿಂದ ಬಹುದೂರ ಉಳಿಯಲು ಬಳಸಿ, ಎರಡು ಮಳೆಗಳ ನಡುವೆ ದಾರಿ ಹುಡುಕಲು ಎಂದಿಗೂ ಬಳಸಬೇಡಿ. ವಿಮಾನದಲ್ಲಿ ಕಾಣುವ ಇಂಥ ಚಿತ್ರ, ಅದರ ಮೇಲೆ ತೋರಿಸುವ ಸಮಯಕ್ಕಿಂತ 15ರಿಂದ 20 ನಿಮಿಷದಷ್ಟು ಹಳೆಯದಾಗಿರಬಹುದೆಂದು ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಎಚ್ಚರಿಕೆ ಹೊರಡಿಸಿತು. ಅಷ್ಟು ಹೊತ್ತಿನಲ್ಲಿ ನಿಮ್ಮ ವಿಮಾನ ಮೂವತ್ತು ಮೈಲಿ ಮುಂದೆ ಹೋಗಿರುತ್ತದೆ. ಜೊತೆಗೆ ಆ ಚಿತ್ರ ತೋರಿಸುವುದು ಮಳೆಯನ್ನು ಮಾತ್ರ. ಮಳೆ ಸುರಿಸದ ಮೋಡವೂ ಬೆಟ್ಟವನ್ನು ಮರೆಮಾಡುತ್ತದೆ.

ಆಟೋಪೈಲಟ್ ದೊಡ್ಡ ಸಹಾಯ, ಅದರಲ್ಲೂ ತಪ್ಪಿ ಮೋಡ ಹೊಕ್ಕರೆ ರೆಕ್ಕೆಗಳನ್ನು ಸಮವಾಗಿಟ್ಟುಕೊಂಡು ತಿರುಗಲು. ಪರ್ವತದಲ್ಲಿ ಎತ್ತರ ಕಾಯುವ ಗುಂಡಿಯೊಂದೇ ಅಪಾಯಕಾರಿ. ಕೆಳಮುಖ ಗಾಳಿಯಲ್ಲಿ ಸಿಲುಕಿದಾಗ ಅದು ಎತ್ತರ ಉಳಿಸಿಕೊಳ್ಳಲು ಮೂಗನ್ನು ಎತ್ತುತ್ತಲೇ ಹೋಗುತ್ತದೆ, ವೇಗ ಕುಸಿಯುತ್ತಲೇ ಹೋಗುತ್ತದೆ, ವೇಗಮಾಪಕವನ್ನು ನೋಡದ ಪೈಲಟ್‌ಗೆ ಸ್ಟಾಲ್ (ರೆಕ್ಕೆಗಳು ವಿಮಾನವನ್ನು ಎತ್ತಿಹಿಡಿಯುವ ಬಲ ಕಳೆದುಕೊಳ್ಳುವ ಸ್ಥಿತಿ) ಎಚ್ಚರಿಕೆಯ ಸದ್ದೇ ಮೊದಲ ಸುದ್ದಿಯಾಗುತ್ತದೆ. ಶ್ರೇಣಿಯ ಸಮೀಪ ಅದನ್ನು ಆರಿಸಿ ಕೈಯಿಂದ ಹಾರಿಸಿರಿ. ಮಾರ್ಚ್ ತಿಂಗಳಲ್ಲಿ ಘಾಟಿಯ ಮೇಲಿನ ಮೋಡಗಳು ಸಾಮಾನ್ಯವಾಗಿ ಹಿಮಬಿಂದುವಿಗಿಂತ ತಣ್ಣಗಿರುತ್ತವೆ, ಮತ್ತು ನಿಮ್ಮ ಸೆಸ್ನಾದಲ್ಲಿ ರೆಕ್ಕೆಯ ಮೇಲೆ ಕಟ್ಟುವ ಮಂಜುಗಡ್ಡೆಯನ್ನು ತೊಲಗಿಸುವ ಯಾವ ಸಾಧನವೂ ಇಲ್ಲ. ಆಟೋಪೈಲಟ್ ಇದೆಯೆಂಬ ಧೈರ್ಯದಲ್ಲಿ ಮೋಡ ಹೊಕ್ಕವರಿಗೆ ಇದು ನೆನಪಿರುವುದಿಲ್ಲ.

ನನ್ನ ದೃಷ್ಟಿಯಲ್ಲಿ ಭಾನುವಾರದ ಹಾರಾಟವೇ ಹೆಚ್ಚು ಕಷ್ಟದ್ದು. ಪಶ್ಚಿಮದ ಗಾಳಿ ಬೀಸುತ್ತಿದ್ದರೆ ಟ್ರಕೀ ಶ್ರೇಣಿಯ ಮರೆಯಲ್ಲಿರುತ್ತದೆ, ಅಂದರೆ ಶಿಖರ ದಾಟಿ ಕೆಳಗಿಳಿಯುವ ಗಾಳಿಗೆ ಎದುರಾಗಿಯೇ ನೀವು ಏರಬೇಕಾಗುತ್ತದೆ. ಶ್ರೇಣಿಯತ್ತ ಮುಖಮಾಡಿ ಏರಬೇಡಿ. ಟ್ರಕೀ ನಿಲ್ದಾಣದ ಸುತ್ತಲಿನ ವಿಶಾಲ ಕಣಿವೆಯಲ್ಲಿ ಸುತ್ತುತ್ತ 11,000 ಅಡಿ ಮುಟ್ಟಿದ ಮೇಲಷ್ಟೇ ಪಶ್ಚಿಮಕ್ಕೆ ತಿರುಗಿ. ಅಷ್ಟು ಎತ್ತರ ಸಿಗದಿದ್ದರೆ, ಸುತ್ತುವಾಗಲೇ ಏರುವಿಕೆ ತೀರ ನಿಧಾನವೆನಿಸಿದರೆ, ಇಳಿದುಬಿಡಿ. ಗಾಳಿ ಸಾಮಾನ್ಯವಾಗಿ ಮಧ್ಯಾಹ್ನದ ಹೊತ್ತಿಗೆ ಬಲಗೊಳ್ಳುವುದರಿಂದ ಬೆಳಗ್ಗೆ ಒಂಬತ್ತರೊಳಗೆ ಹೊರಡುವುದು ಉತ್ತಮ. ಮಧ್ಯಾಹ್ನದ ಊಟ ಮುಗಿಸಿ ಹೊರಡೋಣ ಎಂದು ಆತಿಥೇಯರು ಒತ್ತಾಯಿಸುತ್ತಾರೆ, ಅದಕ್ಕೆ ಈಗಲೇ ಅವರನ್ನು ಸಿದ್ಧಪಡಿಸಿ. ಸೋಮವಾರ ಬೆಳಗ್ಗೆ ಕಚೇರಿಯಲ್ಲಿ ಮುಖ್ಯ ಸಭೆಯೇನಾದರೂ ಇದ್ದರೆ ಅದನ್ನು ಮಂಗಳವಾರಕ್ಕೆ ಸರಿಸಿಕೊಳ್ಳಿ, ಇಲ್ಲವೇ ಸೋಮವಾರಕ್ಕೆ ರಜೆ ಕೇಳಿರಿ. ಆ ಮಾತನ್ನು ಈ ವಾರವೇ ಆಡಿ ಮುಗಿಸಿ. ವಿಮಾನವನ್ನು ಟ್ರಕೀಯಲ್ಲಿ ಒಂದು ರಾತ್ರಿ ಹೆಚ್ಚಾಗಿ ನಿಲ್ಲಿಸಲು ಕ್ಲಬ್ಬಿನ ಒಪ್ಪಿಗೆಯನ್ನೂ ಹೊರಡುವ ಮೊದಲೇ ಪಡೆದಿಟ್ಟುಕೊಳ್ಳಿ.